ಸಹಾಯ ಬೇಕು: ಥ್ರಿಲ್ಲರ್ ಚಿತ್ರದ ಆರಂಭದ ದೃಶ್ಯಕ್ಕೆ ಧ್ವನಿ ಸಂಕಲನ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿರುವ ನಾವು ಗೆಳೆಯರು ಥ್ರಿಲ್ಲರ್ ಚಿತ್ರವೊಂದರ ಮೊದಲ ಎರಡು ನಿಮಿಷಗಳನ್ನು ಚಿತ್ರೀಕರಿಸಿದ್ದೇವೆ. ಖಾಲಿ ಹಾಸ್ಟೆಲ್ ಕಾರಿಡಾರ್, ಅರ್ಧ ತೆರೆದ ಬಾಗಿಲು, ಒಳಗೆ ಫ್ಯಾನ್ ಗಾಳಿಗೆ ಗೋಡೆಗೆ ಬಡಿಯುತ್ತಿರುವ ಕ್ಯಾಲೆಂಡರ್. ಯಾರ ಮುಖವನ್ನೂ ತೋರಿಸಿಲ್ಲ. ಸೆಕೆಂಡಿಗೆ 24 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟಿದ್ದರಿಂದ ಟ್ಯೂಬ್‌ಲೈಟ್ ಮಿನುಗುವ ಕಾಟ ತಪ್ಪಿತು.

ತೊಡಕಿರುವುದು ಸದ್ದಿನಲ್ಲಿ. ಬಾಗಿಲು ಕಾಣುವ ಮೊದಲೇ ಅದರ ಕಿರ್ರೆನ್ನುವ ಸದ್ದು ಕೇಳಿಸಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಪ್ರತಿ ಕಟ್‌ನಲ್ಲೂ ಹಿನ್ನೆಲೆಯ ಗುಂಯ್‌ಗುಡುವಿಕೆ ಬದಲಾಗಿ ಬಿಗಿಯೆಲ್ಲ ಸಡಿಲವಾಗುತ್ತಿದೆ. ಕಾರಿಡಾರಿನ ಮೌನವನ್ನೇ ಒಂದು ನಿಮಿಷ ಪ್ರತ್ಯೇಕವಾಗಿ ಧ್ವನಿಮುದ್ರಿಸಿ ಎಲ್ಲ ಶಾಟ್‌ಗಳ ಅಡಿಗೆ ಹಾಸಿದರೆ ಸಾಕೇ? ಸಂಕಲನಕ್ಕೆ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶ ಬಳಸುತ್ತಿದ್ದೇವೆ. ಸಿದ್ಧ ಸಂಗೀತ ತುಂಬಿ ಮುಚ್ಚಿಹಾಕಲು ನನಗೆ ಸುತರಾಂ ಇಷ್ಟವಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ, ಕಚ್ಚಾ ಪ್ರತಿ ಕಳುಹಿಸುತ್ತೇನೆ.