ಅಪ್‌ಡೇಟ್: ಕ್ಲಿನಿಕಲ್ ಟ್ರಯಲ್ ಡೇಟಾಗೆ ಓಪನ್ ಸೋರ್ಸ್ ಸಾಕಾಗುತ್ತಾ?

ದುಬಾರಿ ಲೈಸೆನ್ಸ್ ಇಲ್ಲದೆ ಸಣ್ಣ ಟ್ರಯಲ್‌ನ ಡೇಟಾವನ್ನು ಎಸ್‌ಡಿಟಿಎಂ (ಔಷಧ ನಿಯಂತ್ರಕರಿಗೆ ಟ್ರಯಲ್ ಡೇಟಾ ಸಲ್ಲಿಸೋ ನಿಗದಿತ ಮಾದರಿ) ರೂಪಕ್ಕೆ ತರೋದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕೆಲಸ ನಡೀತಿದೆ.

ಡೇಟಾ ಎಂಟ್ರಿಗೆ ಲಿಬ್ರೆಕ್ಲಿನಿಕಾ ಹಾಕಿಕೊಂಡೆವು. ಓಪನ್‌ಕ್ಲಿನಿಕಾ ಅನ್ನೋ ತಂತ್ರಾಂಶದ ಕೋಡ್‌ನಿಂದ ಕವಲೊಡೆದದ್ದು, ಒಡಿಎಂ ಎಕ್ಸ್‌ಎಂಎಲ್ (ಟ್ರಯಲ್ ಡೇಟಾ ವಿನಿಮಯದ ಫೈಲ್ ರೂಪ) ಆಗಿ ಡೇಟಾ ಹೊರಗೆ ಕೊಡುತ್ತೆ. ಇದೇ ಕೆಲಸಕ್ಕೆ ರೆಡ್‌ಕ್ಯಾಪ್ ಕೂಡ ಕೆಲವರು ಹೇಳಿದ್ರಿ. ಲಾಭರಹಿತ ಸಂಸ್ಥೆಗಳಿಗೆ ಅದು ಉಚಿತವೇ, ಆದರೆ ಓಪನ್ ಸೋರ್ಸ್ ಅಲ್ಲ, ಅದನ್ನು ರೂಪಿಸಿದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಬೇಕು.

ನಿಜವಾದ ಶ್ರಮ ಇರೋದು ಮ್ಯಾಪಿಂಗ್‌ನಲ್ಲಿ, ಅಂದ್ರೆ ನಮ್ಮ ಡೇಟಾವನ್ನು ಎಸ್‌ಡಿಟಿಎಂ ಕಾಲಂಗಳಿಗೆ ಹೊಂದಿಸೋದ್ರಲ್ಲಿ. ಅದನ್ನು ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಸ್‌ಡಿಟಿಎಂ.ಓಕ್ ಪ್ಯಾಕೇಜ್ ಬಳಸಿ ಮಾಡ್ತಿದ್ದೇವೆ. ಒಂದು ಉದಾಹರಣೆ: ತಲೆನೋವು ಶುರುವಾದ ತಿಂಗಳು ರೋಗಿಗೆ ನೆನಪಿದೆ, ದಿನ ನೆನಪಿಲ್ಲ. ಆಗ ಎಇಎಸ್‌ಟಿಡಿಟಿಸಿ (ತೊಂದರೆ ಶುರುವಾದ ದಿನಾಂಕ) ಕಾಲಂನಲ್ಲಿ 2023-04 ಅಂತ ಅಷ್ಟೇ ಬಿಡಬೇಕು. ಊಹಿಸಿ 1ನೇ ತಾರೀಕು ತುಂಬೋದು ಎಸ್‌ಡಿಟಿಎಂ ಕೆಲಸವಲ್ಲ, ಅದು ಮುಂದೆ ಎಡಾಮ್ (ವಿಶ್ಲೇಷಣೆಗೆ ಡೇಟಾ ಸಿದ್ಧಪಡಿಸೋ) ಹಂತದಲ್ಲಿ, ಊಹಿಸಿದ್ದು ಅನ್ನೋ ಗುರುತಿನ ಸಮೇತ. ಈ ಶಿಸ್ತು ನನಗೆ ತುಂಬಾ ಹಿಡಿಸಿತು. ರೋಗಿ ಹೇಳದ್ದನ್ನು ಮೂಲ ಡೇಟಾಗೆ ಸೇರಿಸೋ ಹಕ್ಕು ನಮಗಿಲ್ಲ.

ಸಲ್ಲಿಕೆಗೆ ಬಳಸೋ ಎಕ್ಸ್‌ಪಿಟಿ ಫೈಲ್‌ಗೆ ಎಕ್ಸ್‌ಪೋರ್ಟರ್ ಪ್ಯಾಕೇಜ್ ಇದೆ. ಕಾಲಂ ಹೆಸರು 8 ಅಕ್ಷರ, ಲೇಬಲ್ 40 ಅಕ್ಷರ ಮೀರಿದರೆ ಅದೇ ಎಚ್ಚರಿಸುತ್ತೆ. ನಿಯಮಗಳ ತಪಾಸಣೆಗೆ ಎಸ್‌ಡಿಟಿಎಂ ರೂಪಿಸಿದ ಸಂಸ್ಥೆ ಸಿಡಿಸ್ಕ್‌ನದೇ ಓಪನ್ ಸೋರ್ಸ್ ಕೋರ್ ಎಂಜಿನ್.

ದುಡ್ಡು ಉಳಿದರೂ ಸಮಯ ಉಳಿಯಲ್ಲ: ಸಾಫ್ಟ್‌ವೇರ್ ವ್ಯಾಲಿಡೇಶನ್ ದಾಖಲೆ, ಸರ್ವರ್ ಬ್ಯಾಕಪ್, ಯಾರಿಗೆ ಯಾವ ಅನುಮತಿ ಅನ್ನೋದು ಎಲ್ಲಾ ನಮ್ಮ ತಲೆಮೇಲೇ. ಅದಕ್ಕೊಬ್ಬರನ್ನು ಮೊದಲೇ ನೇಮಿಸಿಕೊಳ್ಳಿ. ಮುಂದಿನ ಎಡಾಮ್ ಹಂತಕ್ಕೆ ಅಡ್ಮಿರಲ್ ಪ್ಯಾಕೇಜ್ ನೋಡ್ತಿದ್ದೇವೆ, ಬಳಸಿದವರು ದಯವಿಟ್ಟು ಅನುಭವ ತಿಳಿಸಿ.