ತಲೆಗೆ ನೀರು ಹಾಕ್ಲಿಕ್ಕಾಗದಾಗ ಕೂವೆಹುಡಿ

ಮುಳ್ಳೇರಿಯದಿಂದ ಒಂದು ಪ್ರಶ್ನೆ

ಅತ್ತೆಗೆ ಕಾಲು ಮುರಿದು ಪ್ಲಾಸ್ಟರ್ ಹಾಕಿದ್ದಾರೆ, ಇನ್ನೂ ಮೂರು ವಾರ ಮಲಗಿಯೇ ಇರಬೇಕು. ಉದ್ದ ಕೂದಲು, ಮುಕ್ಕಾಲು ಬಿಳಿ. ದಿನಾ ತೆಂಗಿನೆಣ್ಣೆ ಹಚ್ಚಿ ಅಭ್ಯಾಸ. ಈ ಆಟಿಯ ಮಳೆಗೆ ತಲೆ ಮೀಯಿಸಿದರೂ ಒಣಗುವುದಿಲ್ಲ. ಪೇಟೆಯ ಡ್ರೈ ಶಾಂಪೂ ಸ್ಪ್ರೇಯ ಪರಿಮಳ ಅವರಿಗೆ ಆಗುವುದಿಲ್ಲ. ಮನೆಯಲ್ಲೇ ಹುಡಿ ಮಾಡುವ ಕ್ರಮವನ್ನು ಅಳತೆ ಸಮೇತ ಯಾರಾದರೂ ಹೇಳ್ತೀರಾ? ಸೀಗೆಹುಡಿಯನ್ನು ಒಣಗಿದ್ದೇ ಉದುರಿಸಿದರೆ ಆದೀತಾ?

ಬದಿಯಡ್ಕದಿಂದ, ಕೂವೆಹುಡಿ ಮಾಡಿ ಮಾರುವವರು

ಸೀಗೆ ಬೇಡ ಅಕ್ಕ. ಸೀಗೆ ಆಗಲಿ ಅಂಟುವಾಳ ಆಗಲಿ, ನೀರು ಬಿದ್ದು ನೊರೆ ಎದ್ದರೆ ಮಾತ್ರ ಕೆಲಸ ಮಾಡುವುದು. ಒಣಗಿದ್ದನ್ನು ಉದುರಿಸಿದರೆ ಸೀನು, ಕಣ್ಣುರಿ. ಜಿಡ್ಡು ಇದ್ದಲ್ಲೇ ಇರ್ತದೆ. ನಿಮಗೆ ಬೇಕಾದ್ದು ತೊಳೆಯುವ ಹುಡಿ ಅಲ್ಲ, ಜಿಡ್ಡು ಹೀರುವ ಹುಡಿ. ಅದಕ್ಕೆ ನಮ್ಮ ಕೂವೆಹುಡಿಯೇ ಸಾಕು, ಅಂದರೆ ಕೂವೆಗಡ್ಡೆಯಿಂದ ತೆಗೆದ ಪಿಷ್ಟ, ಪೇಟೆಯಲ್ಲಿ ಆರೋರೂಟ್ ಅಂತಾರೆ. ಬಿಳಿ ಕೂದಲಾದ ಕಾರಣ ಬಣ್ಣ ಹೊಂದಿಸುವ ತಲೆಬಿಸಿಯೂ ಇಲ್ಲ.

ಅಳತೆ: ಕೂವೆಹುಡಿ ದೊಡ್ಡ ಚಮಚದಲ್ಲಿ ನಾಲ್ಕು, ಮುಲ್ತಾನಿ ಮಿಟ್ಟಿ ಒಂದು. ನೆತ್ತಿಯ ಚರ್ಮ ಒಣಗಿ ಹೊಪ್ಪಳೆ ಏಳುವವರಿಗೆ ಮುಲ್ತಾನಿ ಬಿಟ್ಟು ಬರೀ ಕೂವೆ. ಎರಡನ್ನೂ ಬೆರೆಸಿ ಹಳೇ ಬೆಳ್ವೇಷ್ಟಿಯ ತುಂಡಿನಲ್ಲಿ ಗಾಳಿಸಬೇಕು. ರವೆ ಗಾಳಿಸುವ ಜರಡಿ ಸಾಲದು, ಅದರಲ್ಲಿ ಇಳಿದ ತರಿ ಕೂದಲ ಬುಡದಲ್ಲಿ ಹೊಟ್ಟಿನ ಹಾಗೆ ಕಾಣ್ತದೆ. ಉದ್ದ ಕೂದಲಿಗೆ ಒಂದು ಸಲಕ್ಕೆ ಎರಡು ಸಣ್ಣ ಚಮಚ ಬೇಕು, ಗಿಡ್ಡ ಕೂದಲಿಗೆ ಒಂದು.

ಕೂವೆಗಡ್ಡೆ ಕೀಳುವುದು ಎಲೆ ಹಳದಿಯಾಗಿ ಒಣಗಿದ ಮೇಲೆ, ಡಿಸೆಂಬರ್-ಜನವರಿಯಲ್ಲಿ. ಈಗ ಸಿಗುವುದೆಲ್ಲ ಹಿಂದಿನ ಸಾಲಿನದ್ದು, ತೆಗೆದುಕೊಳ್ಳುವ ಮೊದಲು ಮೂಸಿ ನೋಡಿ. ಹುಳಿ ವಾಸನೆ ಬಂದರೆ ತೊಳೆದ ನೀರನ್ನು ಸರಿಯಾಗಿ ಬಸಿದಿಲ್ಲ, ಇಲ್ಲವೇ ಬಿಸಿಲು ಸಾಲದೆ ಒಣಗಿಸಿದ್ದಾರೆ ಅಂತ. ಒಳ್ಳೇ ಹುಡಿ ಬೆರಳಲ್ಲಿ ಉಜ್ಜಿದರೆ ಕಿರಕಿರ ಅನ್ನಬೇಕು. ಒಂದು ಚಮಚ ಹುಡಿಯನ್ನು ಒಂದು ಲೋಟ ನೀರಲ್ಲಿ ಕದಡಿ ಕಾಯಿಸಿ: ಕೂವೆಯಾದರೆ ತಿಳಿಯಾಗಿ ಗಟ್ಟಿಯಾಗ್ತದೆ, ಕಾರ್ನ್‌ಫ್ಲೋರ್ ಆದರೆ ಮಸುಕು, ಮರಗೆಣಸಿನ ಹಿಟ್ಟಾದರೆ ತಿಳಿಯಾದರೂ ನೂಲಿನ ಹಾಗೆ ಎಳೆ ಬರ್ತದೆ. ತಲೆಗೆ ಹಾಕ್ಲಿಕ್ಕೆ ಈ ಮೂರೂ ಆದೀತು, ಬೆರಕೆಯಿಂದ ನಷ್ಟ ನಿಮ್ಮ ದುಡ್ಡಿಗೆ ಮಾತ್ರ. ಸೀಮೆಸುಣ್ಣದ ಬೆರಕೆ ಆಗದು. ಲಿಂಬೆರಸ ಬಿಟ್ಟಾಗ ಬುಸುಬುಸು ನೊರೆ ಎದ್ದರೆ ಅದು ಸುಣ್ಣವೇ.

ಕಾಸರಗೋಡು ಪೇಟೆಯಿಂದ, ಬ್ಯೂಟಿ ಪಾರ್ಲರಿನವರು

ಹುಡಿ ಸರಿ, ಆದರೆ ಎಣ್ಣೆಯ ಮೇಲೆ ಹಾಕಿದಿರೋ, ಕೆಟ್ಟಿತು. ಈ ಹುಡಿ ಹೀರುವುದು ನೆತ್ತಿಯಲ್ಲಿ ತಾನಾಗಿ ಊರುವ ಜಿಡ್ಡನ್ನು. ಹಚ್ಚಿದ ತೆಂಗಿನೆಣ್ಣೆಗೆ ಬಿದ್ದರೆ ದೋಸೆಹಿಟ್ಟಿನ ಹಾಗೆ ಕಲಸಿಕೊಂಡು ಬುಡಕ್ಕೆ ಅಂಟ್ತದೆ, ಆಮೇಲೆ ಬಾಚಲಿಕ್ಕೂ ಆಗುವುದಿಲ್ಲ. ಹಾಗಾಗಿ ಎಣ್ಣೆ ನಿಲ್ಲಿಸಿ ಎರಡು ದಿನ ಬಿಡಿ. ಆ ಎರಡು ದಿನ ಬಾಚಣಿಗೆಯ ಹಲ್ಲಿಗೆ ತೆಳು ಹತ್ತಿಬಟ್ಟೆಯನ್ನು ಸಿಕ್ಕಿಸಿ, ಹಲ್ಲು ಬಟ್ಟೆಯ ಹೊರಗೆ ಬರುವ ಹಾಗೆ ಒತ್ತಿ, ಬುಡದಿಂದ ತುದಿಗೆ ಬಾಚಿ. ಬಟ್ಟೆ ಹಳದಿಯಾದ ಹಾಗೆ ಬದಲಿಸಿ. ಎಷ್ಟೋ ಜಿಡ್ಡು ಇದರಲ್ಲೇ ಬರ್ತದೆ. ಕೆಲವರಿಗೆ ಹುಡಿಯ ಅಗತ್ಯವೇ ಬೀಳುವುದಿಲ್ಲ!

ಮಲಗಿದವರಿಗೆ ಹಾಕುವ ಕ್ರಮ: ಫ್ಯಾನ್ ಬಂದ್ ಮಾಡಿ. ತಲೆಯಡಿಗೆ ಪ್ಲಾಸ್ಟಿಕ್, ಅದರ ಮೇಲೆ ಬೈರಾಸು. ಹಣೆಯ ಅಂಚಿಗೆ ಒದ್ದೆ ಬಟ್ಟೆಯನ್ನು ಮಡಚಿ ಇಟ್ಟರೆ ಹುಡಿ ಕಣ್ಣಿಗೆ ಇಳಿಯುವುದಿಲ್ಲ. ಮೊದಲು ಒಂದು ಮಗ್ಗುಲು. ಒಂದು ಬೆರಳಿನ ಅಗಲಕ್ಕೆ ಒಂದರಂತೆ ಬೈತಲೆ ತೆಗೆಯುತ್ತಾ ಹೋಗಿ, ಮೆತ್ತಗಿನ ಬ್ರಷ್ಷಿನಲ್ಲಿ ಬುಡಕ್ಕೆ ಮಾತ್ರ ಹುಡಿ ತಾಗಿಸಿ. ಉಪ್ಪಿನ ಡಬ್ಬಿಯ ಹಾಗೆ ಮೇಲಿಂದ ಉದುರಿಸುವವರಿದ್ದಾರೆ. ಹುಡಿಯ ಅರ್ಧ ಕೂದಲ ಮೇಲೆ, ಕಾಲುಪಾಲು ಮೂಗಿಗೆ. ಬೆರಳ ತುದಿಯಲ್ಲಿ ಸಣ್ಣಗೆ ಉಜ್ಜಿ, ಹತ್ತು ನಿಮಿಷ ಬಿಡಿ. ಆಮೇಲೆ ಬಾಚಿ ತೆಗೆಯುವುದು.

ತೆಗೆಯುವುದಕ್ಕೆ ಹಾಕಿದ್ದರ ಎರಡರಷ್ಟು ಹೊತ್ತು ಕೊಡಿ. ಜಿಡ್ಡು ಹೀರಿದ ಹುಡಿ ಅಲ್ಲೇ ಉಳಿದರೆ ಬೆವರಿಗೆ ಮೆತ್ತಗಾಗಿ ಮರುದಿನ ತುರಿಕೆ ಶುರು. ಮಲಗಿದವರಿಗೆ ತಲೆಯ ಹಿಂಬದಿ ಮತ್ತು ಕುತ್ತಿಗೆ ದಿಂಬಿಗೆ ಉಜ್ಜುವ ಜಾಗ, ಅಲ್ಲಿ ಒಂದು ಕಣವೂ ಉಳಿಯಬಾರದು. ದಿಂಬಿನ ಕವರನ್ನು ಕೂಡಲೇ ಬದಲಿಸಿ.

ಪೆರ್ಲದಿಂದ, ಅಡಿಕೆ-ಕೊಕ್ಕೋ ಕೃಷಿಕರು

ಕಪ್ಪು ಕೂದಲಿನವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಕೂವೆ ಎರಡು ಪಾಲಿಗೆ ಕೊಕ್ಕೋಹುಡಿ ಒಂದು ಪಾಲು ಹಾಕಿದರೆ ಬಿಳಿ ಕಾಣುವುದಿಲ್ಲ. ಸಕ್ಕರೆ ಹಾಕದ, ಅಂಗಡಿಯ ಹುಡಿಯೇ ಆಗಬೇಕು. ತೋಟದ ಕೊಕ್ಕೋ ಬೀಜ ಧಾರಾಳ ಉಂಟಲ್ಲ ಅಂತ ಹುರಿದು ಮಿಕ್ಸಿಗೆ ಹಾಕಬೇಡಿ. ಬೀಜದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕೊಬ್ಬು. ಕಾರ್ಖಾನೆಯಲ್ಲಿ ಅದನ್ನು ಹಿಂಡಿ ತೆಗೆದ ಮೇಲೆ ಹುಡಿ ಮಾಡುವುದು. ಮನೆಯಲ್ಲಿ ಅರೆದದ್ದು ಮುದ್ದೆಯಾಗ್ತದೆ, ಜಿಡ್ಡು ತೆಗೆಯಲು ಹೋಗಿ ಜಿಡ್ಡು ಹಚ್ಚಿದ ಹಾಗೆ. ಹಾಸಿಗೆ ಹಿಡಿದವರಿಗಂತೂ ಕೊಕ್ಕೋ ಬೇಡವೇ ಬೇಡ: ದಿಂಬಿಗೆ ಕಲೆ, ಮೇಲಿಂದ ಇರುವೆ.

ಮಂಜೇಶ್ವರದಿಂದ, ಔಷಧದಂಗಡಿಯವರು

ಕೆಲವು ಎಚ್ಚರಿಕೆಗಳು. ಅಡುಗೆ ಸೋಡ ಬೆರೆಸುವ ಪಾಕವಿಧಾನಗಳು ಎಲ್ಲೆಡೆ ಓಡಾಡುತ್ತಿವೆ. ನೆತ್ತಿಯ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸುಮಾರು 5.5, ಸೋಡದ್ದು 8ಕ್ಕಿಂತ ಮೇಲೆ. ಬೆವರಿಗೆ ಕರಗಿ ಗಂಟೆಗಟ್ಟಲೆ ನಿಂತರೆ ಉರಿ ಬರುತ್ತದೆ. ಟಾಲ್ಕಂ ಪೌಡರನ್ನೂ ತಲೆಗೆ ಹಾಕಬೇಡಿ, ಶ್ವಾಸಕ್ಕೆ ಹೋದರೆ ಒಳ್ಳೆಯದಲ್ಲ. ಕೂವೆಯಂಥ ಪಿಷ್ಟದ ಹುಡಿಯೂ ಶ್ವಾಸಕ್ಕೆ ಹೋಗಬಾರದು. ಅಸ್ತಮಾ ಇರುವವರ ಕೋಣೆಯಲ್ಲಿ ಇದನ್ನು ಉಪಯೋಗಿಸಬಾರದು. ಪರಿಮಳಕ್ಕೆಂದು ಕರ್ಪೂರ, ನೀಲಗಿರಿ ಎಣ್ಣೆ ಸೇರಿಸಬೇಡಿ. ಕುಪ್ಪಿಯೊಳಗೆ ಒಣಗಿದ ಲಾವಂಚದ ಬೇರು ನಾಲ್ಕು ಎಳೆ ಇಟ್ಟರೆ ಸಾಕು. ಗಾಯ, ಕೀವು, ಸೋರಿಯಾಸಿಸ್ ಇರುವ ನೆತ್ತಿಗೆ ಯಾವ ಹುಡಿಯೂ ಬೇಡ.

ಅಕ್ಕಿಹಿಟ್ಟು ಆಗದೇ ಎಂದು ಬಹಳ ಮಂದಿ ಕೇಳುತ್ತಾರೆ. ಅಕ್ಕಿಯ ಪಿಷ್ಟದ ಕಣ 3ರಿಂದ 8 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಕೂವೆಯದ್ದಕ್ಕಿಂತ ಸಣ್ಣದೇ. ಆದರೆ ಮಿಲ್ಲಿನಲ್ಲಿ ಬೀಸಿದ ಹಿಟ್ಟು ಬಿಡಿ ಪಿಷ್ಟವಲ್ಲ, ಪ್ರೊಟೀನಿನ ಜೊತೆ ಅಂಟಿಕೊಂಡ ತುಣುಕು. ನೀರಲ್ಲಿ ತೊಳೆದು, ತಳಕ್ಕಿಳಿಸಿ ತೆಗೆದ ಕೂವೆಯಲ್ಲಿ ಕಣಗಳು ಬಿಡಿಬಿಡಿ. ವ್ಯತ್ಯಾಸ ಇಷ್ಟೇ.

ಸ್ಪ್ರೇ ಬಗ್ಗೆ: 2022ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಹಲವು ಡ್ರೈ ಶಾಂಪೂ ಸ್ಪ್ರೇಗಳನ್ನು ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಂಬ ರಾಸಾಯನಿಕ ಸೇರಿರಬಹುದೆಂದು ಮಾರುಕಟ್ಟೆಯಿಂದ ವಾಪಸ್ ಪಡೆದಿದ್ದರು. ಅನುಮಾನ ಇದ್ದದ್ದು ಕ್ಯಾನಿನಿಂದ ಹೊರತಳ್ಳುವ ಗ್ಯಾಸಿನ ಮೇಲೆ, ಹುಡಿಯ ಮೇಲಲ್ಲ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ: ಪ್ಲಾಸ್ಟರಿನ ಒಳಗೆ ತುರಿಸುತ್ತದೆಂದು ಇದೇ ಹುಡಿಯನ್ನು ಅಲ್ಲಿಗೆ ಸುರಿಯಬೇಡಿ. ಒಳಗೆ ಬೆವರಿಗೆ ಗಟ್ಟಿಯಾಗಿ ಚರ್ಮ ಕೆತ್ತುತ್ತದೆ.

ಮುಳ್ಳೇರಿಯದಿಂದಲೇ ಮತ್ತೆ

ಮುಲ್ತಾನಿ ಇಲ್ಲದೆ ಬರೀ ಕೂವೆ ಗಾಳಿಸಿಟ್ಟೆ. ಸಂಜೆಗೆ ಉಂಡೆ ಕಟ್ಟಿದೆ. ಮತ್ತೆ, ಹುಡಿ ಇದ್ದ ತಲೆಗೆ ಬಿಸಿನೀರು ಹೊಯ್ದರೆ ಗಂಜಿ ಆಗ್ತದೆ ಅಂತ ಪಕ್ಕದ ಮನೆಯವರು ಹೆದರಿಸ್ತಾರೆ, ಹೌದಾ?

ಬದಿಯಡ್ಕದಿಂದ

ಉಂಡೆ ಈ ಗಾಳಿಯ ತೇವದಿಂದ. ಒಣಗಿದ ಬಾಣಲೆಯಲ್ಲಿ ಅತಿ ಸಣ್ಣ ಉರಿಗೆ ಐದು ನಿಮಿಷ ಕೈಯಾಡಿಸಿ. ಬಾಣಲೆಯಲ್ಲಿ ಒಂದು ತೊಟ್ಟು ನೀರೂ ಇರಬಾರದು. ಬಣ್ಣ ಕೆನೆಗೆ ತಿರುಗಿದರೆ ಎಸೆದುಬಿಡಿ. ಹೆಚ್ಚು ಹುರಿದ ಪಿಷ್ಟ ಬೆವರು ತಾಗಿದ ಕೂಡಲೇ ಗೋಂದಿನ ಹಾಗೆ ಅಂಟ್ತದೆ. ಪೂರ್ತಿ ತಣಿದ ಮೇಲೆ ಮತ್ತೆ ಬಟ್ಟೆಯಲ್ಲಿ ಗಾಳಿಸಿ ಗಾಜಿನ ಕುಪ್ಪಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮತ್ತೆ ಅದೇ ಕತೆ. ಹುರಿದ ಕುಚ್ಚಲಕ್ಕಿ ಒಂದು ಚಮಚವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡಿ. ಆಟಿಯಲ್ಲಿ ಒಂದು ವಾರಕ್ಕೆ ಬೇಕಾದಷ್ಟೇ ಮಾಡಿ.

ಗಂಜಿಯ ಹೆದರಿಕೆ ಬೇಡ. ಕೂವೆ ಬೇಯಲಿಕ್ಕೆ 60 ಡಿಗ್ರಿ ದಾಟಬೇಕು, ಮೀಯುವ ನೀರು 40ರ ಆಸುಪಾಸು. ಬಾಚದೆ ಬಿಟ್ಟ ಹುಡಿಯ ಮೇಲೆ ನೇರ ಶಾಂಪೂ ಹಾಕಿದರೆ ಮಾತ್ರ ಕೆಸರು. ಮೊದಲು ಬಾಚಿ, ಆಮೇಲೆ ಬರೀ ನೀರು, ಕೊನೆಗೆ ಶಾಂಪೂ.

ಕಾಸರಗೋಡು ಪೇಟೆಯಿಂದ

ನೀರು ಹಾಕದೆ ಎಷ್ಟು ದಿನ ಅಂತ ನೀವು ಕೇಳಲಿಲ್ಲ. ಮೂರು ದಿನಕ್ಕೊಮ್ಮೆಯಂತೆ ಮೂರು ಸಲ ಹಾಕಬಹುದು. ನಾಲ್ಕನೇ ಸಲಕ್ಕೆ ಹುಡಿ ಹಿಡಿಯುವುದಿಲ್ಲ, ಬುಡದಲ್ಲಿ ಪದರ ಕಟ್ಟಿರ್ತದೆ. ಆಗ ಡಾಕ್ಟರಲ್ಲಿ ಕೇಳಿ, ಒಪ್ಪಿಗೆ ಕೊಟ್ಟರೆ ತಲೆಯನ್ನು ಮಂಚದ ಅಂಚಿಗೆ ತಂದು, ಕುತ್ತಿಗೆಯಡಿಗೆ ಸುತ್ತಿದ ಬೈರಾಸು ಇಟ್ಟು, ಪ್ಲಾಸ್ಟಿಕ್ ಹಾಳೆಯನ್ನು ದೋಣಿಯ ಹಾಗೆ ಬಕೆಟಿಗೆ ಇಳಿಬಿಟ್ಟು ಎರಡು ಚೊಂಬು ನೀರಲ್ಲಿ ತೊಳೆಯಿರಿ. ಒಬ್ಬರು ತಲೆ ಹಿಡಿಯಲು, ಒಬ್ಬರು ಹೊಯ್ಯಲು ಬೇಕು. ಅಲ್ಲಿಯವರೆಗೆ, ಪ್ರತಿ ಸಲ ಬಾಚಿ ಮುಗಿದ ಮೇಲೆ ಬೈತಲೆಗೆ ಕಪ್ಪು ಬಟ್ಟೆ ಒತ್ತಿ ನೋಡಿ. ಬಿಳಿ ಹತ್ತಿದರೆ ಇನ್ನೂ ಬಾಚ್ಲಿಕ್ಕುಂಟು.