ಬೇಸ್‌ಮೆಂಟಿನಲ್ಲಿ ಕಲ್ಲಿದ್ದಲು ರೈಲು: ಎಷ್ಟು ಗಣಿ ಹಾಕಲಿ?

ಪ್ರಶ್ನೆ: ಪಿಟ್ಸ್‌ಬರ್ಗಿನಲ್ಲಿದ್ದೇನೆ. ಬೇಸ್‌ಮೆಂಟಿನಲ್ಲಿ ಹನ್ನೆರಡಡಿಗೆ ಹತ್ತಡಿ ಜಾಗ ಸಿಕ್ಕಿದೆ. 1950ರ ದಶಕದ ವೆಸ್ಟ್ ವರ್ಜೀನಿಯಾ, ಕಲ್ಲಿದ್ದಲು ಸಾಗಿಸುತ್ತಿದ್ದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ, ಎಚ್‌ಒ ಅಳತೆಯಲ್ಲಿ (ನಿಜದ 87ರಲ್ಲಿ ಒಂದು ಪಾಲು) ಮಾದರಿ ರೈಲಾಗಿ ಕಟ್ಟುವ ಆಸೆ. ವೈ6ಬಿ ಉಗಿ ಎಂಜಿನ್ ಆಗಲೇ ಕೊಂಡಿದ್ದೇನೆ. ಆರು ಗಣಿ ಹಾಕೋಣ ಅಂತಿದ್ದೇನೆ. ಮಾಡಿ ನೋಡಿದವರು ಹೇಳಿ.

ಉತ್ತರ 1: ಆರು ಬೇಡ ಸರ್. ನಾನು ಐದು ಹಾಕಿ, ಮೂರು ಕಿತ್ತೆ. ಎಲ್ಲ ಕಡೆ ಅದೇ ಕೆಲಸ. ಖಾಲಿ ಹಾಪರ್ (ಕಲ್ಲಿದ್ದಲು ವ್ಯಾಗನ್) ಬಿಡು, ತುಂಬಿದ್ದು ಎಳೆದುಕೊಂಡು ಬಾ. ಗೆಳೆಯರು ಆಕಳಿಸತೊಡಗಿದರು.

ಈಗ ಮುಖ್ಯವಾಗಿ ಒಂದು ದೊಡ್ಡ ಟಿಪ್ಪಲ್, ಅಂದರೆ ಕಲ್ಲಿದ್ದಲು ತುಂಬಿಸುವ ಕಟ್ಟಡ. ಅದರಡಿ ನಾಲ್ಕು ಹಳಿ. ಅಲ್ಲಿ ಕಲ್ಲಿದ್ದಲನ್ನು ಜರಡಿ ಹಿಡಿದು ದಪ್ಪ ಹೆಂಟೆ ಒಂದು ಹಳಿಗೆ, ಮೊಟ್ಟೆ ಗಾತ್ರದ್ದು ಇನ್ನೊಂದಕ್ಕೆ, ಪುಡಿ ಮತ್ತೊಂದಕ್ಕೆ ಸುರಿಯುತ್ತಿದ್ದರು. ಎಂಜಿನ್ ಖಾಲಿ ಹಾಪರುಗಳನ್ನು ಇಳಿಜಾರಿನ ಮೇಲ್ತುದಿಯಲ್ಲಿ ಬಿಟ್ಟು ಹೋಗುತ್ತಿತ್ತು. ಬ್ರೇಕ್ ಸಡಿಲಿಸಿದರೆ ಒಂದೊಂದೇ ಉರುಳಿ ಬಂದು, ತುಂಬಿಕೊಂಡು, ಕೆಳಗೆ ಹೋಗಿ ನಿಲ್ಲುತ್ತಿದ್ದವು. ಹಾಗಾಗಿ ಮೇಲೆ ಎಷ್ಟು ಹಾಪರಿಗೆ ಜಾಗವೋ ಕೆಳಗೂ ಅಷ್ಟು ಬೇಕೇ ಬೇಕು. ಮೆಟ್ಟಿಲು ಅಡ್ಡ ಬಂತು ಅಂತ ನಾನು ಕೆಳಗೆ ಎರಡು ಹಾಪರಿನಷ್ಟು ಕಡಿಮೆ ಮಾಡಿದ್ದೆ. ಪ್ರತಿ ಸಲವೂ ಆ ಎರಡು ಮೇನ್‌ಲೈನಿಗೆ ಅಡ್ಡ!

ಉಳಿದ ಜಾಗ ಯಾರ್ಡಿಗೆ, ಅಂದರೆ ವ್ಯಾಗನ್ ವಿಂಗಡಿಸುವ ಹಳಿಗಳಿಗೆ ಕೊಡಿ. ಆಟ ಇರುವುದೇ ಅಲ್ಲಿ. ಹಾಪರಿಗೊಂದು ಚೀಟಿ: ಇದು ಪೂರ್ವಕ್ಕೆ, ಲ್ಯಾಂಬರ್ಟ್ಸ್ ಪಾಯಿಂಟಿನ ಹಡಗುಕಟ್ಟೆಗೆ. ಅದು ಪಶ್ಚಿಮಕ್ಕೆ, ಓಹಾಯೋ ಕಡೆಗೆ. ವಿಂಗಡಿಸುವುದರಲ್ಲೇ ಸಂಜೆ ಕಳೆಯುತ್ತದೆ.

ಉತ್ತರ 2: ಮೈಸೂರಿನಿಂದ. ನನ್ನದು ಗೋಡೆಗೆ ಹೊಡೆದ ಹಲಗೆ ಮೇಲಿನ ಚಿಕ್ಕ ಲೈನು, ಆದರೂ ತೂಕದ ಪಾಠ ಒಂದೇ ಅಲ್ವಾ. ಖಾಲಿ ಹಾಪರ್ ಸುಮ್ನೆ ಪ್ಲಾಸ್ಟಿಕ್ ಡಬ್ಬಿ. ಏರಿನಲ್ಲಿ ಹಿಂದಿನಿಂದ ಇನ್ನೊಂದು ಎಂಜಿನ್ ತಳ್ಳಿದರೆ, ತಿರುವಿನಲ್ಲಿ ಮಧ್ಯದ್ದು ಟಪ್ ಅಂತ ಹಾರುತ್ತದೆ. ಹನ್ನೊಂದೂವರೆ ಸೆಂ.ಮೀ. ಉದ್ದದ್ದಕ್ಕೆ 90 ಗ್ರಾಂ ಆಸುಪಾಸು ಇರಲಿ. ಎರಡು ತುದಿಯ ಇಳಿಜಾರು ತಗಡಿನ ಕೆಳಗೆ ಸೀಸದ ಚೂರು ಅಂಟಿಸಿದರೆ ಕಾಣುವುದಿಲ್ಲ.

ತುಂಬಿದ ಹಾಗೆ ಕಾಣಿಸಲು ಮೊದಲು ಇಸ್ತ್ರಿ ಅಂಗಡಿಯ ಇದ್ದಿಲು ಕುಟ್ಟಿ ಹಾಕಿದ್ದೆ. ಮಂಕಾಗಿ, ಬೂದು ಬೂದಾಗಿ ಕಂಡಿತು. ಕಲ್ಲಿದ್ದಲೇ ಬೇಕು, ಅದರ ಹೊಳಪೇ ಬೇರೆ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕಪ್ಪು ಬಳಿದ ಥರ್ಮಕೋಲ್ ತುಂಡಿನ ಮೇಲೆ ಫೆವಿಕಾಲಿನಲ್ಲಿ ಅಂಟಿಸಿ. ಥರ್ಮಕೋಲಿನೊಳಗೆ ಒಂದು ಕಬ್ಬಿಣದ ವಾಷರ್ ಹುದುಗಿಸಿರಿ. ಅಯಸ್ಕಾಂತ ಹಿಡಿದರೆ ಇಡೀ ಲೋಡು ಮೇಲೆದ್ದು ಬರುತ್ತದೆ, ಬೆರಳು ತಾಗಿಸಬೇಕಿಲ್ಲ.

ಉತ್ತರ 3: ವೈ6ಬಿ ಉದ್ದ ಜಾಸ್ತಿ. ಬಿಗಿ ತಿರುವಿನಲ್ಲಿ ಬಾಯ್ಲರಿನ ಮೂತಿ ಹಳಿ ಬಿಟ್ಟು ಆಚೆ ಚಾಚುತ್ತದೆ. ಮೊದಲು ಓಡಿಸಿ ನೋಡಿ, ಆಮೇಲೆ ಗುಡ್ಡ ಕಟ್ಟಿ. ನನ್ನ ಸುರಂಗದ ಬಾಯಿ ಎರಡು ಸಲ ಒಡೆದಿದೆ.

ಪ್ರಶ್ನೆ ಕೇಳಿದವರು: ಆರು ಗಣಿ ಎರಡಕ್ಕೆ ಇಳಿಯಿತು. ಮೆಟ್ಟಿಲು ನನಗೂ ಅಡ್ಡ ಇದೆ, ಟೇಪ್ ಹಿಡಿದು ಕೂತಿದ್ದೇನೆ.